ಮುಟ್ಟಾಳೆಯ ಮೂರು ಹಂತಗಳು

ಶಿರ್ವ ದಾಟುವವರೆಗೂ ಅಕ್ಷಿತನಿಗೆ ಧೈರ್ಯವಿತ್ತು. ಬಸ್ಸು ಕೆಟ್ಟು ನಿಲ್ಲಬಹುದು, ಅಪ್ಪಿ ಅಜ್ಜಿಗೆ ತಲೆಸುತ್ತು ಬಂದು ಅರ್ಧದಾರಿಯಿಂದ ವಾಪಸು ಹೋಗಬೇಕಾಗಬಹುದು, ಎಸ್ಟೋನಿಯಾ ಎಂಬ ದೇಶದಲ್ಲಿ ಇಡೀ ದಿನ ಕರೆಂಟು ಹೋಗಬಹುದು, ಹೀಗೆ ಏನಾದರೊಂದು ಆಗಿ ಈ ಶನಿವಾರ ತನ್ನಷ್ಟಕ್ಕೆ ಮುಗಿದುಹೋದೀತು ಎಂದು ಬೆಳ್ಮಣ್ಣಿನಲ್ಲಿ ಬಸ್ಸು ಹತ್ತುವಾಗ ಅವನು ನಂಬಿದ್ದ. ಬಸ್ಸು ಕೆಡಲಿಲ್ಲ. ಅಜ್ಜಿಗೆ ತಲೆ ಸುತ್ತಲಿಲ್ಲ. ಎಪ್ಪತ್ತಾರು ವರ್ಷದ ಅವಳು ಕಿಟಕಿಯ ಪಕ್ಕ ನೆಟ್ಟಗೆ ಕೂತು, ಮದುವೆಮನೆಗೆ ಮಾತ್ರ ಉಡುವ ಹಸಿರು ಸೀರೆಯ ಸೆರಗು ಗಾಳಿಗೆ ಹಾರದಂತೆ ಹಲ್ಲಿನಲ್ಲಿ ಕಚ್ಚಿಕೊಂಡು, ರಸ್ತೆ ಬದಿಯ ತೆಂಗಿನಮರಗಳ ತುದಿಯನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದಳು. ಅವಳ ಮಡಿಲಲ್ಲಿ ಬಟ್ಟೆ ಅಂಗಡಿಯ ದೊಡ್ಡ ಚೀಲ. ಅದರೊಳಗೆ ಮೂರು ಸಾಮಾನು: ತೋಟದ ಕೆಲಸಕ್ಕೆ ಹೋಗುವವರು ತಲೆಗಿಡುವ ಅಡಿಕೆ ಹಾಳೆಯ ಟೊಪ್ಪಿ, ಅಂದರೆ ಮುಟ್ಟಾಳೆ, ಒಂದು ಅಲ್ಯೂಮಿನಿಯಂ ದಬರಿ, ಅನ್ನ ಬಸಿಯುವ ಬೆತ್ತದ ಕುಡುಪು. ದಬರಿಯನ್ನು ಅವಳು ನಿನ್ನೆ ಹುಣಸೆಹುಳಿ, ಬೂದಿ ಹಾಕಿ ಎಷ್ಟು ತಿಕ್ಕಿದ್ದಳೆಂದರೆ ಚೀಲದ ಬಾಯಿಂದ ಹೊರಟ ಬೆಳಕು ಕಂಡಕ್ಟರನ ಕಣ್ಣಿಗೆ ಹೊಡೆಯಿತು. ‘ಎಂತ ಅಜ್ಜಿ, ಪಾತ್ರೆ ಮಾರ್ಲಿಕ್ಕಾ?’ ಎಂದು ಅವನು ಕೇಳಿದ. ಅಜ್ಜಿ ಸೆರಗನ್ನು ಹಲ್ಲಿನಿಂದ ಬಿಡಿಸಿ, ‘ಅಲ್ಲ ಮಗಾ, ಫಾರಿನಿನವರಿಗೆ ತೋರಿಸ್ಲಿಕ್ಕೆ’ ಎಂದಳು. ಕಂಡಕ್ಟರು ಅಕ್ಷಿತನ ಮುಖ ನೋಡಿದ. ಅಕ್ಷಿತ ಈ ಅಜ್ಜಿ ಯಾರೋ ಎಂಬಂತೆ ಮುಂದಿನ ಸೀಟನ್ನು ನೋಡಿದ. ಎರಡು ಟಿಕೇಟನ್ನು ಒಟ್ಟಿಗೆ ತೆಗೆದುಕೊಂಡವನು ಅವನೇ. ಅದು ಕಂಡಕ್ಟರನಿಗೂ ಗೊತ್ತಿತ್ತು.

ಮುಂದಿನ ಸೀಟಿನಲ್ಲಿ ಒಂದು ಬೋಳುತಲೆ ಇತ್ತು. ತಲೆ ಎನ್ನುವುದು ಮನುಷ್ಯನಿಗೆ ಎಷ್ಟು ಎತ್ತರದಲ್ಲಿ, ಎಷ್ಟು ಬಯಲಾಗಿ ಇದೆ ಎಂಬುದನ್ನು ಎರಡು ತಿಂಗಳ ಹಿಂದಿನವರೆಗೆ ಅಕ್ಷಿತ ಗಮನಿಸಿರಲೇ ಇಲ್ಲ. ಈಗ ಎಲ್ಲಿ ನೋಡಿದರೂ ತಲೆ. ಪರ್ಕಳದ ಬಾಡಿಗೆ ಕೋಣೆಯಲ್ಲಿ ಜೊತೆಗಿರುವ ಕಾಪುವಿನ ತಿಲಕನ ನಿದ್ದೆಯ ತಲೆ, ಸಿಟಿ ಬಸ್ಸಿನಲ್ಲಿ ಜೋತುಬಿದ್ದವರ ತಲೆಗಳ ಸಾಲು, ಮಣಿಪಾಲದ ಕಾಲೇಜಿನಲ್ಲಿ ಜರ್ಮನ್ ಕಲಿಸುವ ಬೆಂಜಮಿನ್ ಸರ್ ಅವರ ಮಧ್ಯ ಬೈತಲೆಯ ತಲೆ. ಎಲ್ಲದಕ್ಕೂ ಮೂಲ ಆ ಬೆಂಜಮಿನ್ ಸರ್ ಕೊಟ್ಟ ಒಂದು ಫಾರ್ಮು. ಎಸ್ಟೋನಿಯಾದಲ್ಲಿ ಜರ್ಮನ್ ಕಲಿಯುವ ಹದಿನೇಳು ಮಂದಿ, ಇಲ್ಲಿ ಜರ್ಮನ್ ಕಲಿಯುವ ಹದಿನೇಳು ಮಂದಿ, ಒಬ್ಬರಿಗೊಬ್ಬರು ಜೋಡಿ, ಪ್ರತಿ ಶನಿವಾರ ಮಧ್ಯಾಹ್ನ ಮನೆಯಿಂದಲೇ ವಿಡಿಯೋ ಮಾತುಕತೆ, ಕೊನೆಗೆ ಎಲ್ಲರೂ ಜಾಗತಿಕ ಪ್ರಜೆಗಳಾಗಬೇಕು. ಆಗಿದ್ದಾರೆಂದು ತಿಳಿಯುವುದು ಹೇಗೆ? ಫಾರ್ಮಿನ ಎಡಗಡೆ ‘ನಿಮ್ಮ ಸಂಸ್ಕೃತಿಗಳ ನಡುವೆ ಉಂಟಾದ ಅಪಾರ್ಥ’, ಬಲಗಡೆ ‘ಅದನ್ನು ಬಗೆಹರಿಸಿದ ರೀತಿ’, ಕನಿಷ್ಠ ಮೂರು, ಇಪ್ಪತ್ತು ಮಾರ್ಕು. ‘ಅಪಾರ್ಥ ಆಗದೆ ಜಾಗತಿಕ ಪ್ರಜೆ ಆಗ್ಲಿಕ್ಕೆ ಆಗುದಿಲ್ಲ ಮಾರಾಯ್ರೆ’ ಎಂದು ಸರ್ ಕ್ಲಾಸಿನಲ್ಲಿ ಕೈಮುಗಿದು ಹೇಳಿದ್ದರು. ತಿಲಕ್ ಮೊದಲ ದಿನವೇ ಒಂದು ಒಣಮೀನನ್ನು ಕ್ಯಾಮೆರಾಕ್ಕೆ ಹಿಡಿದು ಅರ್ಧ ಗಂಟೆಯಲ್ಲಿ ಮೂರು ಅಪಾರ್ಥ ಸಂಪಾದಿಸಿ ನೆಮ್ಮದಿಯಾಗಿದ್ದ. ಅಕ್ಷಿತನಿಗೆ ಒಂದೂ ದೊರೆಯಲಿಲ್ಲ. ಅವನ ಜೋಡಿ ಮಾರಿಟ್ ಎಂಬ ಹುಡುಗಿಗೂ ಅವನಿಗೂ ಗೊತ್ತಿದ್ದದ್ದು ಸುಮಾರು ನಾನೂರು ಜರ್ಮನ್ ಶಬ್ದ. ನಾನೂರು ಶಬ್ದದೊಳಗೆ ಜಗಳವಾಡಲು ಎಷ್ಟು ಜಾಗ ಇರುತ್ತದೆ? ಅವಳೂ ಎರಡು ನಿಮಿಷದ ನೂಡಲ್ಸ್ ತಿನ್ನುತ್ತಿದ್ದಳು. ಅವಳ ಅಮ್ಮನೂ ಊಟ ಮಾಡಿದೆಯಾ, ಮಲಗಿದೆಯಾ, ಯಾಕೆ ಫೋನ್ ಎತ್ತಲಿಲ್ಲ ಎಂಬ ಮೂರೇ ಪ್ರಶ್ನೆ ಕೇಳುತ್ತಿದ್ದಳು. ಒಂದು ಮಾತ್ರ ವಿಚಿತ್ರವಿತ್ತು. ಪ್ರತಿ ಸಲ ಕ್ಯಾಮೆರಾ ಆನ್ ಆದಾಗ ಮಾರಿಟಳ ಕೂದಲು ಎದ್ದು ನಿಂತಿರುತ್ತಿತ್ತು. ಅವಳು ಎರಡೂ ಕೈಯಿಂದ ಒತ್ತಿ ಒತ್ತಿ ಕೂರಿಸುತ್ತಿದ್ದಳು. ಅದು ಅಲ್ಲಿಯ ಫ್ಯಾಶನ್ ಇರಬೇಕೆಂದು ಅವನು ಸುಮ್ಮನಿದ್ದ. ಹುಡುಗಿಯ ಕೂದಲಿನ ವಿಷಯ ಕೇಳುವುದು ಚೆನ್ನಾಗಿರುವುದಿಲ್ಲ ಅನಿಸಿತ್ತು.

ಕಟಪಾಡಿಯಲ್ಲಿ ಬಸ್ಸು ನಿಂತಾಗ ಅಜ್ಜಿ ಚೀಲದೊಳಗೆ ಕೈ ಹಾಕಿ ಮುಟ್ಟಾಳೆಯ ಅಂಚನ್ನು ನೀವಿದಳು. ಕೆಲವು ವಾರದ ಹಿಂದಿನ ಒಂದು ಶನಿವಾರ ಅದೇ ಕೈ ಅದನ್ನು ಅವನ ತಲೆಯ ಮೇಲೆ ಇಟ್ಟದ್ದು. ಮನೆಯ ವೈಫೈ ಪೆಟ್ಟಿಗೆ ಮೊದಲ ಸಿಡಿಲಿಗೇ ಸುಟ್ಟುಹೋದ ಮೇಲೆ, ಬೆಳ್ಮಣ್ಣಿನ ಅವರ ಜಾಗದಲ್ಲಿ ನೆಟ್ ಸಿಗುವುದು ಬಾವಿಯಾಚೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಒಂದು ತೆಂಗಿನಮರದ ಸರಿಯಾಗಿ ಕೆಳಗೆ ಮಾತ್ರ. ಆ ಮರದ ಬುಡಕ್ಕೆ ಅಜ್ಜಿ ನಾಯಿಯನ್ನೂ ಬಿಡುವವಳಲ್ಲ. ಕಾಯಿಗೆ ಕಣ್ಣುಂಟು, ಮನುಷ್ಯರ ಮೇಲೆ ಬೀಳುವುದಿಲ್ಲ ಎಂದು ಊರವರೆಲ್ಲ ಹೇಳಿದರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು. ‘ಕಣ್ಣು ಇರುದು ಸಿಪ್ಪೆಯ ಒಳಗೆ ಅಲ್ವಾ? ಒಳಗಿನಿಂದ ಅದಕ್ಕೆ ಎಂತ ಕಾಣ್ತದೆ?’ ಎಂದು ಕೇಳುತ್ತಿದ್ದಳು. ಅಂದು, ಎಲ್ಲ ಶನಿವಾರದಂತೆ ಊರಿಗೆ ಬಂದಿದ್ದ ಅವನು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಮಾರಿಟಳಿಗೆ ತನ್ನ ಮಣಿಪಾಲದ ಬಗ್ಗೆ ಹೇಳುತ್ತಿದ್ದ: ದೊಡ್ಡ ಆಸ್ಪತ್ರೆ, ಎಲ್ಲ ದೇಶದ ವಿದ್ಯಾರ್ಥಿಗಳು, ಎಲ್ಲ ಕಡೆ ಅತಿವೇಗದ ನೆಟ್. ಅಷ್ಟರಲ್ಲಿ ಹಿಂದಿನಿಂದ ಸದ್ದಿಲ್ಲದೆ ಬಂದ ಅಜ್ಜಿ ಮುಟ್ಟಾಳೆಯನ್ನು ಅವನ ತಲೆಗೆ ಒತ್ತಿಟ್ಟು, ಒಮ್ಮೆ ಮೇಲೆ ನೋಡಿ, ಒಳಗೆ ಹೋದಳು. ಅದು ಏನು ಎಂದು ಮಾರಿಟ್ ಕೇಳಿದಳು. ಹೇಳಬಹುದಿತ್ತು. ಆದರೆ ಅತಿವೇಗದ ನೆಟ್ ಎಂದು ಹೇಳಿ ಎರಡು ನಿಮಿಷ ಆಗಿರಲಿಲ್ಲ. ಈಗ ಮರ, ಒಗೆಯುವ ಕಲ್ಲು, ಸುಟ್ಟ ಪೆಟ್ಟಿಗೆ ಎಲ್ಲವನ್ನೂ ಹೊರಗೆ ಹಾಕಬೇಕು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಏಳನೇ ಪಾಠದ ಒಂದು ವಾಕ್ಯ ಬಾಯಲ್ಲಿ ಸಿದ್ಧವಾಗಿ ಕೂತಿತ್ತು: ನಮ್ಮಲ್ಲಿ ಇದು ಪದ್ಧತಿ. ಅದನ್ನು ಹೇಳಿದ. ಹೇಳಿದ ಮೇಲೆ ಪದ್ಧತಿ ಯಾವುದೆಂದು ಹೇಳಲೇಬೇಕಲ್ಲ. ಹೊಸ ಭಾಷೆ ಕಲಿಯುವವರ ತಲೆಯನ್ನು ಮನೆಯ ಹಿರಿಯರು ಮುಚ್ಚುತ್ತಾರೆ, ಇಲ್ಲದಿದ್ದರೆ ಶಬ್ದಗಳು ಹಾರಿಹೋಗುತ್ತವೆ ಎಂದ. ಮಾರಿಟ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಅವನು ಫಾರ್ಮಿನ ಮೊದಲ ಚೌಕ ತುಂಬಿಸಿದ. ಆ ರಾತ್ರಿ ತನಗೆ ಒಳ್ಳೆಯ ನಿದ್ದೆ ಬಂದಿತ್ತು ಎಂಬುದು ನೆನಪಾಗಿ ಈಗ ಬಸ್ಸಿನಲ್ಲಿ ಅವನಿಗೆ ಹೇಸಿಗೆಯಾಯಿತು.

ಅಲ್ಲಿಗೇ ಮುಗಿದಿದ್ದರೆ ಸಾಕಿತ್ತು. ಮರುವಾರ ಮುಟ್ಟಾಳೆಯನ್ನು ತೋಟದ ಕೆಲಸದ ಹೂವಪ್ಪಣ್ಣ ಹಾಕಿಕೊಂಡು ಹೋಗಿದ್ದ. ಅಜ್ಜಿ ಹುಡುಕಿ ಸೋತು ದಬರಿಯನ್ನೇ ತಂದು ಕವುಚಿದಳು. ಎರಡನೇ ಹಂತ ಎಂದ ಅಕ್ಷಿತ. ಮೂರನೇ ವಾರ ದಬರಿಯಲ್ಲಿ ಸಾರು ಇತ್ತು. ಕುಡುಪು ಬಂತು, ಆಗ ತಾನೇ ಅನ್ನ ಬಸಿದದ್ದು, ಬಿಸಿ ಬಿಸಿ, ಗಂಜಿ ತೆಳಿ ಹನಿಹನಿಯಾಗಿ ಅವನ ಮೂಗಿನ ಮೇಲಿಂದ ಇಳಿಯಿತು. ಇದು ಕೊನೆಯ ಹಂತ, ಹನಿ ಬಿದ್ದರೆ ಶುಭ ಎಂದ; ಫಾರ್ಮಿನ ಮೂರನೇ ಚೌಕವೂ ತುಂಬಿತು. ಒಂದು ಸುಳ್ಳಿಗೆ ಹಂತಗಳು ಹುಟ್ಟಿದ ಮೇಲೆ ಅದನ್ನು ಸುಳ್ಳು ಎಂದು ಕರೆಯಲು ಅವನಿಗೇ ಸಂಕೋಚವಾಗತೊಡಗಿತು. ಮಾರಿಟ್ ತನ್ನ ಕ್ಲಾಸಿಗೆ ಹೇಳಿದಳು. ಕ್ಲಾಸು ಟೀಚರಿಗೆ ಹೇಳಿತು. ಟೀಚರು ಪ್ರಬಂಧ ಬರೆ ಎಂದರು. ‘ತಲೆ ಮುಚ್ಚಿ ಕಲಿಯುವವರು’ ಎಂಬ ಹದಿನಾಲ್ಕು ಪುಟ, ಮೂರು ಚಿತ್ರ, ಮೂರರಲ್ಲೂ ಅಕ್ಷಿತ. ಬೆಂಜಮಿನ್ ಸರ್ ಅವನನ್ನು ಕರೆಸಿದಾಗ ಸಿಕ್ಕಿಬಿದ್ದೆನೆಂದು ಒಂದು ರೀತಿಯ ಸಮಾಧಾನದಿಂದಲೇ ಹೋಗಿದ್ದ. ಸರ್ ಎದ್ದು ನಿಂತು ಎರಡೂ ಕೈಯಿಂದ ಅವನ ಕೈ ಹಿಡಿದರು. ‘ನಾನು ಕಾರ್ಕಳದಲ್ಲೇ ಹುಟ್ಟಿ ಬೆಳೆದವ. ಐವತ್ತೆರಡು ವರ್ಷ ಆಯ್ತು. ನನಗೇ ಗೊತ್ತಿರ್ಲಿಲ್ಲ ನೋಡು! ಇದು ಬೆಳ್ಮಣ್ ಕಡೆ ಮಾತ್ರವಾ?’ ಹೌದು ಸರ್, ಬೆಳ್ಮಣ್ ಕಡೆ ಮಾತ್ರ. ‘ಎಲ್ಲ ಮನೆಗಳಲ್ಲಿಯೂ ಉಂಟಾ?’ ಇಲ್ಲ ಸರ್, ಕೆಲವೇ ಮನೆಗಳಲ್ಲಿ. ‘ಎಷ್ಟು ಮನೆ ಇರಬಹುದು?’ ತುಂಬಾ ಕಡಿಮೆ ಸರ್, ಒಂದೇ ಅಂತ ಕೂಡಾ ಹೇಳಬಹುದು. ಹೀಗೆ ಕಿರಿದು ಮಾಡುತ್ತ ಹೋದರೆ ಎಲ್ಲಾದರೊಂದು ಕಡೆ ಸುಳ್ಳು ನಿಜವನ್ನು ಮುಟ್ಟೀತೇನೋ ಎಂದು ಅವನಿಗೆ ಆಸೆಯಾಗಿತ್ತು. ಸರ್ ಕಣ್ಣಲ್ಲಿ ನೀರು ತುಂಬಿಕೊಂಡರು. ‘ಹಾಗಾದರೆ ಅಳಿವಿನಂಚಿನಲ್ಲಿ ಉಂಟು’ ಎಂದು ಹೇಳಿ, ಅಲ್ಲೇ ಅವನ ಅಮ್ಮನಿಗೆ ಫೋನು ಮಾಡಿ, ಸಮಾರೋಪದ ದಿನ ಅಜ್ಜಿಯನ್ನೂ ಆ ಮೂರು ಟೊಪ್ಪಿಗಳನ್ನೂ ಕಳಿಸಿಕೊಡಬೇಕೆಂದು ಕೇಳಿದರು.

ಉಡುಪಿಯಲ್ಲಿ ಬಸ್ಸು ಬದಲಿಸಿ, ಮಣಿಪಾಲದ ಏರು ಹತ್ತುವಾಗ ಅಜ್ಜಿ ಕೇಳಿದಳು. ಮನೆಯಲ್ಲಿ ಅವರು ಆಡುವುದು ತುಳು. ಆ ಭಾಷೆಯಲ್ಲಿ ಅವಳು ಯಾವುದನ್ನೂ ಸುತ್ತಿ ಬಳಸಿ ಕೇಳಿದವಳಲ್ಲ. ‘ನನ್ನನ್ನು ನೋಡಿ ಅವರಿಗೆ ಎಂತ ಆಗ್ಬೇಕು ಮಗಾ?’ ಅಕ್ಷಿತ ಕಿಟಕಿಯಾಚೆ ನೋಡಿದ. ‘ಏನಿಲ್ಲ ಅಜ್ಜಿ. ಸುಮ್ಮನೆ. ನೀನು ಏನೂ ಮಾತಾಡ್ಬೇಡ, ಕೂತುಕೊಂಡ್ರೆ ಸಾಕು.’ ‘ಮಾತಾಡ್ಬಾರ್ದಾ? ಬಂದವರ ಹತ್ತಿರ ಮಾತಾಡದೆ ಕೂರುದು ಹೇಗೆ?’ ಎಂದ ಅವಳು ಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡಳು. ಆಮೇಲೆ, ‘ನಿನಗೆ ನಾಚಿಕೆ ಆಗ್ತದಾ?’ ಎಂದಳು. ಛೇ, ಇಲ್ಲಜ್ಜಿ ಎಂದ ಅಕ್ಷಿತ. ಅಜ್ಜಿ ಬಾಯಿ ತೆರೆದರೆ ಮುಗಿಯಿತು, ಅಲ್ಲಿ ಮಾರಿಟ್ ಎಲ್ಲರೆದುರು ನಗೆಪಾಟಲಾಗುತ್ತಾಳೆ; ಅಜ್ಜಿ ಬಾಯಿ ಮುಚ್ಚಿಕೊಂಡು ಕೂತರೆ ಇಲ್ಲಿ ಅಜ್ಜಿಯೇ ಒಂದು ಬೊಂಬೆಯಾಗುತ್ತಾಳೆ. ಎರಡರಲ್ಲಿ ಯಾವುದಾದರೂ ಆಗಿಯೇ ತೀರುತ್ತದೆ, ಎರಡಕ್ಕೂ ಕಾರಣ ತಾನೇ. ಬಸ್ಸು ಬಲಕ್ಕೆ ತಿರುಗಿತು. ದಬರಿಯ ಬೆಳಕು ಬಸ್ಸಿನ ಛಾವಣಿಯ ಮೇಲೆ ಒಮ್ಮೆ ಓಡಾಡಿ ಬಂತು.

ಸೆಮಿನಾರ್ ಹಾಲಿನೊಳಗೆ ಕಾಲಿಟ್ಟವಳೇ ಅಜ್ಜಿ ಮಾಡಿದ ಮೊದಲ ಕೆಲಸ ತಲೆಯೆತ್ತಿ ಮೇಲೆ ನೋಡಿದ್ದು. ಫ್ಯಾನು, ಪ್ರೊಜೆಕ್ಟರು, ಬಿಳಿ ಹಲಗೆಗಳ ಸೀಲಿಂಗು. ‘ಇದು ಗಟ್ಟಿ ಉಂಟಾ?’ ಎಂದು ಬಾಗಿಲಲ್ಲಿ ನಿಂತಿದ್ದ ತಿಲಕನನ್ನು ಕೇಳಿದಳು. ತಿಲಕನಿಗೆ ಎಲ್ಲ ಗೊತ್ತಿತ್ತು. ಅವನು ಹೌದು ಅಜ್ಜಿ ಎಂದು ಹೇಳಿ ಕರ್ಚೀಫನ್ನು ಬಾಯಿಗೆ ತುರುಕಿಕೊಂಡು ಕಿಟಕಿ ಕಡೆ ತಿರುಗಿದ. ಬೆಂಜಮಿನ್ ಸರ್ ಓಡಿ ಬಂದು ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿದರು. ಅಜ್ಜಿ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದಳು. ಅವಳನ್ನು ಪರದೆಯ ಎದುರಿನ ಮೆತ್ತೆಯ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ಅಕ್ಷಿತನನ್ನು ಮೈಕು ಕೊಟ್ಟು ನಿಲ್ಲಿಸಿದರು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಮುಟ್ಟಾಳೆ, ದಬರಿ, ಕುಡುಪು ಮೂರನ್ನೂ ಸಾಲಾಗಿ ಇಟ್ಟರು. ಒಂದೊಂದರ ಎದುರು ಹಂತದ ಸಂಖ್ಯೆ ಬರೆದ ಚೀಟಿ. ಆಮೇಲೆ ಅವರಿಗೆ ಏನೋ ಹೊಳೆಯಿತು. ಬರಿದಲೆಯಲ್ಲಿ ನಿಲ್ಲುವುದು ಅಗೌರವವಲ್ಲವೇ? ಆಚೆ ಈಚೆ ನೋಡಿದರು, ತಮ್ಮ ಸ್ಕೂಟರಿನ ಹೆಲ್ಮೆಟ್ಟನ್ನು ತಂದು ತಲೆಗೆ ಹಾಕಿಕೊಂಡರು, ಪಟ್ಟಿಯನ್ನೂ ಬಿಗಿದರು. ಅಷ್ಟರಲ್ಲಿ ಪರದೆ ಬೆಳಗಿತು.

ಹದಿನೇಳು ಚೌಕ, ಹದಿನೇಳು ಮನೆ, ಹದಿನೇಳು ತಲೆ. ಒಂದೂ ಬರಿದಾಗಿರಲಿಲ್ಲ. ಹಾಲು ಕಾಯಿಸುವ ಪಾತ್ರೆ, ಸೋಸುವ ಜಾಲರಿ, ಕೇಕಿನ ಅಚ್ಚು, ಒಬ್ಬನ ತಲೆಯ ಮೇಲೆ ಕೆಂಪು ಬಕೆಟ್ಟು; ಅದರ ಹಿಡಿ ಅವನ ಗಲ್ಲದ ಕೆಳಗೆ ಬಂದು ಭದ್ರವಾಗಿ ಕೂತಿತ್ತು. ನಡುವಿನ ಚೌಕದಲ್ಲಿ ಮಾರಿಟ್, ತಾಮ್ರದ ಒಂದು ಹಳೆಯ ಪಾತ್ರೆಯ ಕೆಳಗೆ, ನಗದೆ, ಬಹಳ ಭಕ್ತಿಯಿಂದ. ಎಲ್ಲರೂ ಒಟ್ಟಿಗೆ ಕೈಮುಗಿದರು. ಯಾರ ಮುಖದಲ್ಲೂ ತಮಾಷೆಯಿರಲಿಲ್ಲ. ತಮಾಷೆ ಮಾಡಿದ್ದರೆ ಅಕ್ಷಿತ ಬದುಕಿಕೊಳ್ಳುತ್ತಿದ್ದ. ಅಜ್ಜಿ ಕುರ್ಚಿಯಲ್ಲಿ ಮುಂದೆ ಬಾಗಿ, ಕಣ್ಣು ಕಿರಿದು ಮಾಡಿ, ಒಂದೊಂದು ಚೌಕವನ್ನೂ ನೋಡಿದಳು. ಅವಳ ಮುಖ ಮೆತ್ತಗಾಯಿತು. ‘ಅಯ್ಯೋ ಪಾಪ’ ಎಂದಳು, ಮೈಕಿಗೆ ಕೇಳುವಷ್ಟು ಗಟ್ಟಿಯಾಗಿ, ‘ಅಲ್ಲಿಯೂ ಎಲ್ಲರ ಮನೆ ಹತ್ತಿರ ತೆಂಗಿನಮರ ಉಂಟಾ ಮಗಾ?’

ತುಳು ಗೊತ್ತಿದ್ದ ಹಿಂದಿನ ಸಾಲಿನಿಂದ ಒಂದು ಕಿಸಕ್ ಕೇಳಿಸಿ ನಿಂತಿತು. ಬೆಂಜಮಿನ್ ಸರ್‌ಗೆ ಹೆಲ್ಮೆಟ್ಟಿನೊಳಗೆ ಏನೂ ಕೇಳಿಸಿರಲಿಲ್ಲ. ‘ಅಜ್ಜಿ ಎಂತ ಹೇಳಿದ್ರು? ಜರ್ಮನಿನಲ್ಲಿ ಹೇಳು, ಬೇಗ!’ ಎಂದು ಕೂಗಿದರು. ಅಜ್ಜಿ ನಿಮ್ಮನ್ನು ಹರಸುತ್ತಿದ್ದಾರೆ: ಇಷ್ಟು ಹೇಳಿದರೆ ಸಾಕು. ಅದು ಐದನೇ ಪಾಠದಲ್ಲೇ ಇತ್ತು. ಇಪ್ಪತ್ತು ಮಾರ್ಕು, ಸರ್ಟಿಫಿಕೇಟು, ಮಾರಿಟಳ ಹದಿನಾಲ್ಕು ಪುಟ, ಎಲ್ಲ ಉಳಿಯುತ್ತದೆ. ಅಜ್ಜಿಗೆ ತಿಳಿಯುವುದೂ ಇಲ್ಲ. ಅವನು ಮೈಕನ್ನು ಬಾಯಿಯ ಹತ್ತಿರ ತಂದ. ಅಷ್ಟು ಹೊತ್ತಿಗೆ ಅಜ್ಜಿ ಅವನ ಕಡೆ ತಿರುಗಿ, ಅವನ ತಲೆ ನೋಡಿ, ತಟಕ್ಕನೆ ಎದ್ದಳು. ‘ಅವರಿಗೆಲ್ಲ ಉಂಟು, ನಿನಗೆ ಒಬ್ಬನಿಗೆ ಇಲ್ಲ ಅಲ್ವಾ’ ಎನ್ನುತ್ತ ಎರಡನೇ ಹಂತದ ಚೀಟಿಯನ್ನು ಪಕ್ಕಕ್ಕೆ ತಳ್ಳಿ ದಬರಿಯನ್ನು ಕೈಗೆತ್ತಿಕೊಂಡಳು. ಹುಣಸೆಹುಳಿಯ, ಬೂದಿಯ ವಾಸನೆ ಬಂತು. ತಿಕ್ಕಿ ತಿಕ್ಕಿ ಅವಳ ಬೆರಳಿನ ತುದಿ ಬಿಳಿಚಿಕೊಂಡಿತ್ತು. ಬೆಳಿಗ್ಗೆ ಕಂಡಕ್ಟರನ ಎದುರು ಇವಳು ಯಾರೋ ಎಂಬಂತೆ ಕೂತದ್ದು ಅಕ್ಷಿತನಿಗೆ ನೆನಪಾಯಿತು. ಅವನಿಗೆ ಅವಳ ಮೇಲೆ ಎಷ್ಟು ಪ್ರೀತಿ ಎಂದರೆ ಅಲ್ಲೇ ಅಳು ಬರುವಂತಾಯಿತು. ಅಳಲಿಲ್ಲ. ಮರ, ಕಾಯಿ, ಬೀಳು, ತಲೆ, ಹೆದರಿಕೆ: ಇದೆಲ್ಲ ಜರ್ಮನಿನಲ್ಲಿ ಅವನಿಗೆ ಮೊದಲಿನಿಂದಲೂ ಗೊತ್ತಿದ್ದ ಶಬ್ದಗಳೇ.

‘ಇದು ಪದ್ಧತಿ ಅಲ್ಲ’ ಎಂದ ಅವನು, ಚಿಕ್ಕ ಮಕ್ಕಳ ಜರ್ಮನಿನಲ್ಲಿ. ‘ನನ್ನ ಮನೆಯಲ್ಲಿ ನೆಟ್ ಇಲ್ಲ. ನೆಟ್ ಮರದ ಕೆಳಗೆ ಇದೆ. ಮರದ ಮೇಲೆ ದೊಡ್ಡ ಕಾಯಿ ಇದೆ. ಕಾಯಿ ಬೀಳುತ್ತದೆ. ಅಜ್ಜಿಗೆ ಹೆದರಿಕೆ. ಅದಕ್ಕೆ ಟೋಪಿ. ಹಂತ ಇಲ್ಲ. ಬೆಳ್ಮಣ್ಣಿನಲ್ಲಿ ಬೇರೆ ಯಾರೂ ಇಲ್ಲ, ಅಜ್ಜಿ ಮಾತ್ರ. ನಾನು ಸುಳ್ಳು ಹೇಳಿದೆ. ಮಾರಿಟಳ ತಪ್ಪಲ್ಲ.’

ಯಾವುದೋ ಚೌಕದಲ್ಲಿ ಒಂದು ಮುಚ್ಚಳ ಜಾರಿ ಬಿದ್ದು, ನೆಲದ ಮೇಲೆ ಬಹಳ ಹೊತ್ತು ತಿರುಗಿ ನಿಂತಿತು. ಬೆಂಜಮಿನ್ ಸರ್ ಹೆಲ್ಮೆಟ್ಟಿನ ಗಾಜನ್ನು ನಿಧಾನವಾಗಿ ಮೇಲೆತ್ತಿದರು. ಮಾರಿಟಳ ಮುಖ ಕುತ್ತಿಗೆಯಿಂದ ಕೆಂಪಾಗುತ್ತ ಬಂತು. ಅವಳು ತಾಮ್ರದ ಪಾತ್ರೆಯನ್ನು ತೆಗೆದು ಕೆಳಗಿಟ್ಟಳು. ಯಥಾಪ್ರಕಾರ ಅವಳ ಕೂದಲು ಎದ್ದು ನಿಂತಿತ್ತು. ಇವತ್ತು ಅವಳು ಅದನ್ನು ಒತ್ತಿ ಕೂರಿಸಲಿಲ್ಲ. ಅಳುತ್ತಾಳೆ, ಇಲ್ಲವೇ ಬೈದು ಹೊರಟುಹೋಗುತ್ತಾಳೆ ಎಂದು ಅಕ್ಷಿತ ಕಾದ. ಅವಳು ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ತನ್ನ ನಾನೂರು ಶಬ್ದಗಳಲ್ಲಿ ಹುಡುಕಿ ಹುಡುಕಿ ಹೇಳಿದಳು: ‘ನನಗೂ ಅಜ್ಜಿ ಇದ್ದಾಳೆ. ಉಣ್ಣೆಯ ಟೋಪಿ. ನನ್ನ ಕೋಣೆ ತಣ್ಣಗೆ. ಪ್ರತಿ ಶನಿವಾರ ಅಜ್ಜಿ ಹಾಕುತ್ತಾಳೆ. ಕ್ಯಾಮೆರಾದ ಮೊದಲು ನಾನು ಬೇಗ ತೆಗೆಯುತ್ತೇನೆ. ಅದಕ್ಕೆ ಕೂದಲು ಹೀಗೆ. ನನಗೆ ನಾಚಿಕೆ.’

ಎರಡು ತಿಂಗಳು ಅವಳ ಕೂದಲನ್ನು ಫ್ಯಾಶನ್ ಎಂದು ನೋಡಿದ್ದನಲ್ಲ. ಅಕ್ಷಿತನಿಗೆ ನಗು ಬಂತು, ಅವಳಿಗೂ ಬಂತು. ಬಕೆಟ್ಟಿನವನು ಬಕೆಟ್ಟಿನೊಳಗೇ ನಕ್ಕದ್ದರಿಂದ ಅದು ದೊಡ್ಡದಾಗಿ ಕೇಳಿಸಿತು. ಬೆಂಜಮಿನ್ ಸರ್ ಮಾತ್ರ ನಗಲಿಲ್ಲ. ಫಾರ್ಮನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ‘ಮೂರು ಅಪಾರ್ಥ ಇತ್ತು ನಿನ್ನದು. ಈಗ ಒಂದೂ ಇಲ್ಲ. ಇದನ್ನು ಯಾವ ಕಾಲಮಿನಲ್ಲಿ ಬರೆಯುದು ಮಾರಾಯ?’ ಎಂದು ನಿಜವಾದ ಸಂಕಟದಿಂದ ಕೇಳಿದರು. ಇಪ್ಪತ್ತು ಮಾರ್ಕು ಹೋಯಿತೆಂದು ಅಕ್ಷಿತನಿಗೆ ಗೊತ್ತಾಯಿತು. ಪರವಾಗಿಲ್ಲ ಅನಿಸಿತು.

ಅಜ್ಜಿ ದಬರಿ ಹಿಡಿದು ಇನ್ನೂ ನಿಂತೇ ಇದ್ದಳು. ‘ಆ ಹುಡುಗಿ ಎಂತ ಹೇಳ್ತಾಳೆ?’

‘ಅವಳ ಅಜ್ಜಿಯೂ ಅವಳ ತಲೆಗೆ ಟೊಪ್ಪಿ ಹಾಕ್ತಾರಂತೆ, ಚಳಿಗೆ. ನಮ್ಮ ಎದುರು ಬರುವಾಗ ಇವಳು ತೆಗೆದಿಡ್ತಾಳಂತೆ.’

‘ತೆಗೆದಿಡುದಾ?’ ಅಜ್ಜಿಗೆ ಸಿಟ್ಟೇ ಬಂತು. ‘ಶೀತ ಆದ್ರೆ ಯಾರು ನೋಡಿಕೊಳ್ಳುದು? ಹಾಕ್ಲಿಕ್ಕೆ ಹೇಳು ಅವಳಿಗೆ. ಈಗಲೇ.’

ಅಕ್ಷಿತ ಹೇಳಿದ. ಮಾರಿಟ್ ಎದ್ದು ಬಾಗಿಲಾಚೆ ಹೋದಳು. ಖಾಲಿ ಕುರ್ಚಿ, ಹಿಂದೊಂದು ಬಿಳಿ ಕಿಟಕಿ. ವಾಪಸು ಬಂದವಳ ತಲೆಯ ಮೇಲೆ ಬೂದುಬಣ್ಣದ, ಕಿವಿಯನ್ನೂ ಮುಚ್ಚುವ ಉಣ್ಣೆಯ ಟೋಪಿ ಇತ್ತು. ಅವಳ ಹಿಂದೆಯೇ, ಮುಖ ಕಾಣದಂತೆ, ಸುಕ್ಕುಗಟ್ಟಿದ ಎರಡು ಕೈಗಳು ಚೌಕದೊಳಗೆ ಬಂದು ಅವಳ ಗಲ್ಲದ ಕೆಳಗೆ ದಾರಕ್ಕೆ ಗಂಟು ಹಾಕತೊಡಗಿದವು. ಈ ಕಡೆ ಅಜ್ಜಿ ಕಾಯುತ್ತಿದ್ದಳು. ಅಕ್ಷಿತ ಎಲ್ಲರೆದುರು ತಲೆ ಬಗ್ಗಿಸಿದ. ದಬರಿ ತಣ್ಣಗೆ ಬಂದು ಕೂತಿತು. ಅಜ್ಜಿ ಒಮ್ಮೆ ಸೀಲಿಂಗನ್ನು ನೋಡಿಕೊಂಡು, ಕುರ್ಚಿಯಲ್ಲಿ ಕೂತು, ಪರದೆಯ ಮೇಲಿನ ಆ ಎರಡು ಕೈಗಳನ್ನು ಗಮನವಿಟ್ಟು ನೋಡಿದಳು.

‘ಗಂಟು ಸಡಿಲ ಆಯ್ತು’ ಎಂದಳು. ‘ಇನ್ನೊಮ್ಮೆ ಹಾಕ್ಲಿಕ್ಕೆ ಹೇಳು ಅವರಿಗೆ.’

ಅಕ್ಷಿತ ಹೇಳಿದ. ಆ ಕೈಗಳು ಸ್ವಲ್ಪ ತಡೆದು, ಗಂಟು ಬಿಚ್ಚಿ, ಇನ್ನೊಮ್ಮೆ ಬಿಗಿಯಾಗಿ ಹಾಕಿದವು.